ಎಲ್ಲದಕ್ಕೂ ನಾಕು ಹಾಕ್ರಿ

ಅವರ ಹೆಸರನ್ನು ನಾನು ಬರೆಯುವ ಹಾಗಿಲ್ಲ. ಎಂಟು ವರ್ಷದ ಹಿಂದೆ ಒಂದು ಫಾರ್ಮಿನ ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಅಚ್ಚು ಹಾಕಿಸಿದ್ದೆ: 'ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ.' ಆ ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿ ಅವರು ಕೇಳಿದ್ದರು, "ಇದು ನಿನ್ನ ಮಾತೋ, ನಿಮ್ಮ ಕಾಲೇಜಿನ ಮಾತೋ?" ನನ್ನ ಮಾತು ಅಂದಿದ್ದೆ. ಹಾಗಾಗಿ ಇಲ್ಲಿ ಅವರು ಬರೀ ಸಿಸ್ಟರ್. ಬಳಗಾನೂರು ದಾಟಿ ಕಾಲುವೆಗುಂಟ ಹೋದರೆ ಸಿಗುವ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವರು. ಹೋದ ವರ್ಷ ನಿವೃತ್ತರಾದರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದ ಕೈ ತುರಿಸುತ್ತಿತ್ತು, ಆದರೆ ಒಂದು ವರ್ಷ ಬಾಯಿ ಬಿಡಬೇಡ ಎಂದು ಅವರೇ ಕಟ್ಟು ಹಾಕಿದ್ದರು. ಮೊನ್ನೆಗೆ ಆ ವರ್ಷ ಮುಗಿಯಿತು.

ಸಿಸ್ಟರ್ ನಿವೃತ್ತರಾದ ದಿನ ಬೆಳಿಗ್ಗೆಯಿಂದ ನನಗೆ ಊಟ ಸೇರಿರಲಿಲ್ಲ. ನಿವೃತ್ತಿ ಅವರದು, ಕಾಯುವ ಕೆಲಸ ನನ್ನದು. ಆ ಹಳೆಯ ಫಾರ್ಮಿನ ಒಂದು ಪ್ರಶ್ನೆಗೆ ಅವರು ಉತ್ತರ ಕೊಟ್ಟಿರಲಿಲ್ಲ. ನೌಕರಿಯ ಕೊನೆಯ ದಿನ ಸಂಜೆ ಐದಕ್ಕೆ ಹೇಳುತ್ತೇನೆ ಅಂದಿದ್ದರು. ಅವರು ಏನು ಹೇಳಿಯಾರು ಎಂಬ ಅಂಜಿಕೆ ಒಂದು ಕಡೆ, ಮರೆತೇಬಿಟ್ಟರೆ ಹೇಗೆ ಎಂಬ ಅಂಜಿಕೆ ಇನ್ನೊಂದು ಕಡೆ.

ಆ ಫಾರ್ಮಿನ ಕಥೆ ಹೇಳದೆ ಸಿಸ್ಟರ್ ಯಾರೆಂದು ಹೇಳಲಾಗುವುದಿಲ್ಲ. ಆಗ ನಾನು ಎಂ.ಎಸ್‌ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೆ. ನನ್ನೂರು ಲಿಂಗಸುಗೂರು. ನಮ್ಮ ಅಬ್ಬಾ ಹೊಲಿಗೆ ಅಂಗಡಿ ಇಟ್ಟವರು, ಮನೆಯಲ್ಲಿ ಅಷ್ಟು ಓದಿದವಳು ನಾನೇ ಮೊದಲು. ಪದವಿಗಾಗಿ ಒಂದು ಪ್ರಬಂಧ ಬರೆಯಬೇಕಿತ್ತು: 'ಸ್ಥಳೀಯ ಆಡಳಿತದ ಸಾರ್ವಜನಿಕ ಆರೋಗ್ಯ ದಾದಿಯರಲ್ಲಿ ವೃತ್ತಿ ಒಲವಿನ ಮಾಪನ'. ಸಿಸ್ಟರ್ ಇದನ್ನು ಕೇಳಿ, "ಇದನ್ನ ಓದಿ ಮುಗಸೂದ್ರಾಗ ಒಂದು ಹೆರಿಗಿ ಆಗ್ತೈತಿ ತಂಗಿ" ಅಂದಿದ್ದರು. ಫಾರ್ಮಿನಲ್ಲಿ ನಲವತ್ತು ವಾಕ್ಯ, ಪ್ರತಿಯೊಂದರ ಮುಂದೆ ಒಂದು ಚೌಕ. ಖಂಡಿತ ಇಲ್ಲ ಅನ್ನುವವರು ಒಂದು ಬರೆಯಬೇಕು, ಖಂಡಿತ ಹೌದು ಅನ್ನುವವರು ಐದು. ಎಲ್ಲ ಕೂಡಿಸಿದರೆ ಒಬ್ಬ ನರ್ಸಿಗೆ ತನ್ನ ವೃತ್ತಿಯ ಮೇಲೆ ಎಷ್ಟು ಮನಸ್ಸಿದೆ ಎಂದು ಗೊತ್ತಾಗಿಬಿಡುತ್ತದೆ ಎಂದು, ಥರ್ಮಾಮೀಟರನ್ನು ನಂಬುವಷ್ಟೇ ಗಟ್ಟಿಯಾಗಿ ನಾನು ನಂಬಿದ್ದೆ.

ಸುತ್ತಲಿನ ಉಪಕೇಂದ್ರಗಳ ನರ್ಸುಗಳೆಲ್ಲ ತಿಂಗಳಿಗೊಮ್ಮೆ ವರದಿ ಹಿಡಿದು ದೊಡ್ಡ ಆರೋಗ್ಯ ಕೇಂದ್ರದ ಮೀಟಿಂಗಿಗೆ ಬರುತ್ತಾರೆ. ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ನಾನು ಅಲ್ಲಿಗೇ ಹೋದೆ. ಫಾರ್ಮು ಹಂಚಿ, ಯಾರನ್ನೂ ಕೇಳದೆ ಮನಸ್ಸಿನಲ್ಲಿದ್ದದ್ದನ್ನು ಬರೆಯಿರಿ ಎಂದು ಹೇಳಿ, ಚಹಾ ತರಿಸಲು ಹೊರಗೆ ಹೋದೆ. ನಾನು ಮಾಡಿದ ತಪ್ಪು ಅದು. ತಿರುಗಿ ಬಂದಾಗ ಬಾಗಿಲಲ್ಲೇ ಒಂದು ದನಿ ಕೇಳಿಸಿತು.

"ಒಂದನೇದಕ್ಕ ನಾಕು. ಎರಡನೇದಕ್ಕ ನಾಕು. ಮೂರನೇದಕ್ಕೂ ನಾಕು ಹಾಕ್ರಿ. ಏ, ನೀ ಯಾಕ ಎರಡು ಬರದಿ? ಅಳಸು. ಎಲ್ಲದಕ್ಕೂ ನಾಕು ಹಾಕ್ರಿ. ಹತ್ತನೇದಕ್ಕ ಒಂದು ಐದು ಇರಲಿ, ಖರೇ ಅನಸ್ತೈತಿ."

ಹದಿನೇಳು ತಲೆಗಳು ಬಗ್ಗಿ ಬರೆಯುತ್ತಿದ್ದವು. ಹೇಳಿ ಬರೆಸುತ್ತಿದ್ದವರು ಕಿಟಕಿ ಪಕ್ಕ ಕೂತ, ತೆಳ್ಳಗಿನ, ಕನ್ನಡಕವನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡ ಹೆಂಗಸು. ನನಗೆ ಅಳು ಬಂತು. ಪ್ರಬಂಧ ಕೊಡಲು ಎರಡು ತಿಂಗಳು ಉಳಿದಿತ್ತು. ನನ್ನ ಮುಖ ನೋಡಿ ಅವರಿಗೆ ಅಯ್ಯೋ ಅನ್ನಿಸಿರಬೇಕು. ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು.

"ಸಿಟ್ಟಾಗಬ್ಯಾಡ ತಂಗಿ. ನಮ್ಮಾಗ ಯಾರ ಲೆಕ್ಕ ಬ್ಯಾರೆ ಕಾಣ್ತೈತೋ ಅವರಿಗೇ ಮ್ಯಾಲಿಂದ ಫೋನ್ ಬರ್ತೈತಿ. ಯಾಕ ಹೆಚ್ಚಾತು, ಯಾಕ ಕಡಿಮಿ ಆತು ಅಂತ. ಎಲ್ಲಾರದೂ ಒಂದ ಇದ್ರ ಯಾರನ್ನೂ ಕೇಳಂಗಿಲ್ಲ. ನಾವು ಹಿಂಗ ಬದುಕೇವಿ."

"ಆದರ ನನಗ ಖರೇ ಉತ್ತರ ಬೇಕ್ರಿ."

"ಖರೇ ಬೇಕಂದ್ರ ಕುಂತ ಬರಿಯಾಕ ಆಗಂಗಿಲ್ಲ. ನನ್ನ ಜೋಡಿ ತಿರುಗು, ಒಂದೊಂದ ಹೇಳ್ತೀನಿ. ನಾ ಹೇಳಿದ್ರ ಉಳಿದವರೂ ಹೇಳ್ತಾರ."

ಹಾಗೆ ಎರಡು ವಾರ ಅವರ ಹಿಂದೆ ತಿರುಗಿದೆ. ಮೊದಲ ದಿನವೇ ಗೊತ್ತಾದದ್ದು, ಈ ಹೆಂಗಸು ನನಗಿಂತ ಅಂಜುಬುರುಕಿ. ಲಸಿಕೆ ಒಯ್ಯುವ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇಡುತ್ತಾರಲ್ಲ, ಅದು ಕಲ್ಲಿನಂತೆ ಹೆಪ್ಪುಗಟ್ಟಿದ್ದರೆ ಕೆಲವು ಲಸಿಕೆಗಳು ಕೆಡುತ್ತವೆ. ಸ್ವಲ್ಪ ಕರಗಿ ಒಳಗೆ ನೀರು ಆಡುವ ಹಾಗಾಗಬೇಕು. ಎಲ್ಲ ನರ್ಸುಗಳೂ ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಸಿಸ್ಟರ್ ಪ್ರತಿಯೊಂದನ್ನೂ ಕಿವಿಗೆ ಹಿಡಿದು ಕುಲುಕಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಬ್ಬಿಗೆ ಹಾಕಿ ಬಾಗಿಲಿಗೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ. ಬಸ್ಸಿಗೆ ಕಾಯುತ್ತಾ ಇನ್ನೊಮ್ಮೆ. ಬಸ್‌ಸ್ಟಾಪಿನಲ್ಲಿ ಕೂತ ಮುದುಕರು, "ಸಿಸ್ಟರ, ಫೋನ್ ಯಾರದು?" ಎಂದು ತಮಾಷೆ ಮಾಡುತ್ತಿದ್ದರು. ಕೇಂದ್ರದ ಕೀಲಿಯನ್ನು ಮೂರು ಸಲ ಜಗ್ಗುತ್ತಿದ್ದರು. ಬಸುರಿಯರ ಹೊಟ್ಟೆಯ ಮೇಲೆ ಕೈಯಿಟ್ಟಾಗ ಮಾತ್ರ ಆ ಕೈ ನಡುಗುತ್ತಿರಲಿಲ್ಲ. ಹೊರಗೆ ಬಂದ ಮೇಲೆ ನಡುಗುತ್ತಿತ್ತು, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ನಾನು ಫಾರ್ಮು ತೆಗೆದು ಓದಿದೆ: "ಏಳನೇದು. ನನ್ನ ಕೆಲಸವನ್ನು ನಾನು ಪೂರ್ಣ ಆತ್ಮವಿಶ್ವಾಸದಿಂದ ಮಾಡುತ್ತೇನೆ."

"ಒಂದು ಹಾಕು."

"ಸಿಸ್ಟರ್, ಒಂದು ಅಂದ್ರ ಖಂಡಿತ ಇಲ್ಲ ಅಂತ ರೀ."

"ಗೊತ್ತೈತಿ. ಪೂರ್ಣ ಆತ್ಮವಿಶ್ವಾಸ ಇದ್ದವರು ನೋಡು, ಅವರ ಕಡೆ ಹೆರಿಗಿ ಮಾಡಿಸ್ಕೋಬ್ಯಾಡ."

ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿಗೆ ಒಂದಿಷ್ಟು ತಿಂಗಳು ಅವರನ್ನು ಹೆಚ್ಚುವರಿ ಕೆಲಸಕ್ಕೆ ಹಾಕಿದ್ದರಂತೆ. ಅಲ್ಲಿಯ ಬಂಗಾಲಿ ಹೆಂಗಸರಲ್ಲಿ ವಯಸ್ಸಾದವರಿಗೆ ಕನ್ನಡ ಅಷ್ಟಕ್ಕಷ್ಟೇ. ಸಿಸ್ಟರ್ ಅವರಿಂದ ಎರಡು ಮಾತು ಕಲಿತು ಬಂದಿದ್ದರು: 'ಭೋಯ್ ನಾಯ್'. ಭಯವಿಲ್ಲ ಎಂದು ಅರ್ಥ. ನೋವು ತಿನ್ನುವ ಹೆಣ್ಣುಮಕ್ಕಳ ಬೆನ್ನು ನೀವುತ್ತಾ, ಕನ್ನಡದವಳಿರಲಿ, ಲಂಬಾಣಿಯವಳಿರಲಿ, ನಮ್ಮ ಮುಸ್ಲಿಮರ ಪೈಕಿಯವಳಿರಲಿ, 'ಭೋಯ್ ನಾಯ್, ಭೋಯ್ ನಾಯ್' ಅನ್ನುತ್ತಿದ್ದರು. ಅವರಿಗೆ ಅರ್ಥ ಆಗುತ್ತದೇನ್ರಿ ಎಂದು ಕೇಳಿದೆ. "ಆಕಿಗೆ ಯಾರು ಹೇಳಾಕತ್ತಾರ? ನನಗ ನಾ ಹೇಳ್ಕೊಳ್ಳೂದು ಅದು" ಅಂದರು.

ಹೆರಿಗೆ ಸ್ವಲ್ಪ ಕಷ್ಟವೆನಿಸಿದರೂ ಸಾಕು, ಗಾಡಿ ಕರೆಸಿ ಸಿಂಧನೂರಿಗೆ ಕಳಿಸಿಬಿಡುತ್ತಿದ್ದರು. ಹಾಗೆ ಕಳಿಸಿದವರ ಪಟ್ಟಿ ಉಳಿದ ನರ್ಸುಗಳ ಪಟ್ಟಿಗಿಂತ ಉದ್ದ. ವರದಿಯಲ್ಲಿ ಎಲ್ಲವೂ ಒಂದೇ ಥರ ಕಾಣಬೇಕೆಂದು ಹೇಳಿಕೊಡುವ ಈ ಹೆಂಗಸು ಈ ಒಂದು ಲೆಕ್ಕವನ್ನು ಮಾತ್ರ ಎಂದೂ ತಗ್ಗಿಸಿ ಬರೆದವರಲ್ಲ. ಮುಂದಿನ ತಿಂಗಳ ಮೀಟಿಂಗಿನಲ್ಲಿ ಮೇಲಿನ ಸಾಹೇಬರೊಬ್ಬರು ಎಲ್ಲರೆದುರು, "ನಿಮಗೆ ಹೆರಿಗೆ ಮಾಡಿಸಲು ಬರುತ್ತದೋ, ಗಾಡಿ ಹತ್ತಿಸಲು ಮಾತ್ರ ಬರುತ್ತದೋ?" ಎಂದು ಕೇಳಿದ್ದನ್ನು ನಾನೇ ನೋಡಿದೆ. ಸಿಸ್ಟರ್ ಎದ್ದು ನಿಂತರು. ಕೈಯಲ್ಲಿದ್ದ ವರದಿಯನ್ನು ಅವರ ಮುಂದಿಟ್ಟು, ತಿರುಗಿ ಬಂದು ಕೂತರು. ಹೊರಗೆ ಬಂದ ಮೇಲೆ ನನಗೆ ಹೇಳಿದರು, "ಬೈಸ್ಕೊಂಡ್ರ ಯಾರೂ ಸಾಯಂಗಿಲ್ಲ ತಂಗಿ."

ಬಡ್ತಿ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದು ಬರೆದುಕೊಟ್ಟಿದ್ದರು. ಊರಿನವರೆಲ್ಲ ಅದಕ್ಕೆ ಕೊಟ್ಟ ಕಾರಣ, ನಮ್ಮ ಸಿಸ್ಟರ್‌ಗೆ ನಮ್ಮ ಮೇಲೆ ಭಾಳ ಮಾಯೆ. ನಾನೂ ಹಾಗೇ ತಿಳಿದು, ನೋಟ್‌ಬುಕ್ಕಿನಲ್ಲಿ 'ಸೇವಾ ಮನೋಭಾವ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಅದನ್ನು ನೋಡಿ ಅವರು ನಕ್ಕರು. ಆಮೇಲೆ ನಗಲಿಲ್ಲ.

ಅವರ ಮೊದಲ ನೌಕರಿ ಗುರುಗುಂಟಾ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ. ಹೆರಿಗೆಯ ರಿಜಿಸ್ಟರಿನಲ್ಲಿ ತಾಯಿಯ ಸ್ಥಿತಿ ಬರೆಯಲು ಕಡೆಗೊಂದು ಕಾಲಂ ಇರುತ್ತದೆ. ಕೂಸು ಅತ್ತ ಕೂಡಲೇ ಅದರಲ್ಲಿ 'ಸಹಜ' ಎಂದು ಬರೆದು ಮುಗಿಸುವುದು ಎಲ್ಲರ ರೂಢಿ. ಕೆಲವರು ಅದಕ್ಕೂ ಮೊದಲೇ ಬರೆದಿಡುತ್ತಾರೆ, ಆಮೇಲೆ ಯಾರು ಪೆನ್ನು ಹುಡುಕಬೇಕು ಎಂದು. ಅಲ್ಲಿಯ ಒಂದು ಹೆರಿಗೆಯಲ್ಲಿ ಸಿಸ್ಟರ್ ಕೂಡ ಕೂಸು ಅತ್ತ ಮೇಲೆ ಕೈ ತೊಳೆದು ಮೇಜಿಗೆ ಹೋಗಿ 'ಸಹಜ' ಎಂದು ಬರೆದು, ಗೆರೆ ಎಳೆದು, ಸಹಿ ಮಾಡಿದರು. ಕೂಸಿನ ಹಿಂದೆ ಬೀಳಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ. ತಿರುಗಿ ನೋಡಿದಾಗ ಹಾಸಿಗೆ ರಕ್ತದಲ್ಲಿ ಒದ್ದೆಯಾಗಿತ್ತು. ಲಿಂಗಸುಗೂರಿಗೆ ಟ್ರ್ಯಾಕ್ಟರಿನಲ್ಲಿ ಹೊರಟರು. ಆ ಬಾಣಂತಿ ಹುಡುಗಿ ದಾರಿಯಲ್ಲೇ ಹೋದಳು.

"ಎಷ್ಟು ಹೊತ್ತು ಬರದಿದ್ದೆ ಹೇಳು? ಒಂದು ಮಿನಿಟು. ಆ ಒಂದು ಮಿನಿಟಿನ್ಯಾಗ ಆಕಿ ಕಡೆ ನನ್ನ ಬೆನ್ನು ಇತ್ತು." ಸಿಸ್ಟರ್ ತಮ್ಮ ಅಂಗೈ ನೋಡಿಕೊಂಡರು. "ನನ್ನನ್ನ ಯಾರೂ ಬೈಲಿಲ್ಲ. ರಿಜಿಸ್ಟರ್‌ನ್ಯಾಗ ಸಹಜ ಅಂತಿತ್ತಲ್ಲ. ಆಕಿ ಅತ್ತಿ ಬಂದು ನನ್ನ ಕೈ ಹಿಡದು, ನಿಮ್ಮ ಕೈಲಾದಷ್ಟು ಮಾಡಿದ್ರಿ ಅಂದ್ಲು. ಎರಡೂ ಬಡ್ತಿ ಆರ್ಡರು ಗುರುಗುಂಟಾ ಕಡೆಗೇ ಬಂದ್ವು. ಆ ಅತ್ತಿ ಮುಂದ ಹೆಂಗ ತಿರುಗ್ಯಾಡ್ಲಿ? ಮಾಯೆ ಅಲ್ಲವ್ವಾ, ಅಂಜಿಕಿ. ಈ ಊರಾಗ ಯಾವ ಮನಿಯಾಗ ಯಾವ ಹೆಣ್ಮಗಳಿಗೆ ರಕ್ತ ಕಡಿಮಿ ಐತಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಬ್ಯಾರೆ ಊರಾಗ ನಾ ಕುರುಡಿ."

ಅಂದಿನಿಂದ ಅವರು ಮುಗಿಯದ ಕೆಲಸದ ಕಾಲಂ ತುಂಬುವುದನ್ನು ಬಿಟ್ಟರು. ಹೆರಿಗೆಯಾದ ಮೇಲೆ ತಾಯಿ ಎದ್ದು ಕೂತು, ಗಂಜಿ ಕುಡಿದು, ಸ್ವತಃ ನಡೆದು ಬಾಗಿಲಿಗೆ ಹೋದ ಮೇಲೆಯೇ ಪೆನ್ನು ಮುಟ್ಟುತ್ತಿದ್ದರು. ಅದೇ ಕಾರಣಕ್ಕೆ ನನ್ನ ಫಾರ್ಮಿನ ನಲವತ್ತನೇ ಚೌಕವೂ ಖಾಲಿ ಉಳಿಯಿತು. 'ಮತ್ತೊಮ್ಮೆ ಅವಕಾಶ ಸಿಕ್ಕರೆ ನಾನು ಇದೇ ವೃತ್ತಿಯನ್ನು ಆರಿಸಿಕೊಳ್ಳುತ್ತೇನೆ.' ಮೂವತ್ತೊಂಬತ್ತಕ್ಕೆ ಉತ್ತರಿಸಿದವರು ಇದಕ್ಕೆ ತಲೆ ಅಲ್ಲಾಡಿಸಿದರು.

"ಇನ್ನೂ ನೌಕರಿ ಮುಗಿದಿಲ್ಲ, ಈಗ ಹೆಂಗ ಬರೀಲಿ? ನಾಳಿ ಏನಾಗ್ತೈತೋ ಯಾರಿಗೊತ್ತು. ರಿಟೈರ್ ಆಗೂ ದಿನ ಸಂಜಿ ಐದಕ್ಕ ಫೋನ್ ಹಚ್ಚು, ಹೇಳ್ತೀನಿ."

"ಅದಿನ್ನೂ ಏಳು ವರ್ಷ ಐತಿ ರೀ!"

"ಕಾಯಿ."

ಸಿಸ್ಟರ್ ಹೇಳಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಮನಸ್ಸು ಬಿಚ್ಚಿದರು. ಮಸ್ಕಿ ಕಡೆಯ ಕೆಲವರು ಬಸ್ಸಿನಲ್ಲಿ ಕೂತು ಬರೆದುಕೊಟ್ಟರು. ಹೊಸ ಫಾರ್ಮುಗಳನ್ನೆಲ್ಲ ಕೂಡಿಸಿ ನೋಡಿದೆ. ಎಲ್ಲರಿಗಿಂತ ಕಡಿಮೆ ಅಂಕ ಸಿಸ್ಟರ್‌ದು. ಆತ್ಮವಿಶ್ವಾಸಕ್ಕೆ ಒಂದು, ಬಡ್ತಿಯ ಆಸೆಗೆ ಒಂದು, ಮುಂದಾಳತ್ವಕ್ಕೆ ಒಂದು. ನನ್ನ ಅಳತೆಗೋಲಿನ ಪ್ರಕಾರ ವೃತ್ತಿಯ ಮೇಲೆ ತೀರಾ ಮನಸ್ಸಿಲ್ಲದ ನರ್ಸ್ ಅವರೇ. ಮೂರು ಸಲ ಕೂಡಿಸಿದೆ, ಮೂರು ಸಲವೂ ಅಷ್ಟೇ ಬಂತು.

ಅದೇ ವಾರ ಆ ಮೀಟಿಂಗಿನ ಸಾಹೇಬರು ನನ್ನನ್ನು ಕರೆಸಿದರು. ಸಮೀಕ್ಷೆ ಮುಗಿಯಿತೆಂದು ಅವರು ಪತ್ರ ಕೊಡದಿದ್ದರೆ ನನ್ನ ಪ್ರಬಂಧ ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಪೆನ್ನು ಕೈಯಲ್ಲಿ ಹಿಡಿದೇ ಕೇಳಿದರು, "ಯಾರು ಯಾರಿಗೆ ಎಷ್ಟೆಷ್ಟು ಬಂದಿದೆ? ಒಂದು ಪ್ರತಿ ಇಲ್ಲಿ ಕೊಡಮ್ಮ. ಗುರುಗುಂಟಾ ಕಡೆ ಜಾಗ ಖಾಲಿ ಇದೆ. ಕಡಿಮೆ ಬಂದವರನ್ನು ಅತ್ತ ಹಾಕಿದರೆ ಸ್ವಲ್ಪ ಚುರುಕಾಗುತ್ತಾರೆ."

ಅವರು ಕೆಟ್ಟವರೇನಲ್ಲ. ಚಹಾ ಕೊಟ್ಟು, ನಗುತ್ತಲೇ ಕೇಳಿದರು. ನಾಳೆ ತರುತ್ತೇನೆ ಎಂದು ಎದ್ದು ಬಂದೆ. ಹೆಸರು ಬರುವುದಿಲ್ಲ ಎಂದು ಬರೆದುಕೊಟ್ಟಿದ್ದೆ ನಿಜ, ಆದರೆ ಪ್ರತಿ ಫಾರ್ಮಿನ ಮೂಲೆಯಲ್ಲಿ ಉಪಕೇಂದ್ರದ ನಂಬರು ಇತ್ತು. ನಂಬರು ನೋಡಿದರೆ ಯಾರೆಂದು ಅವರಿಗೆ ತಿಳಿಯದೆ ಇರುತ್ತದೆಯೇ? ಕೊಟ್ಟರೆ ಸಿಸ್ಟರ್ ಆ ಊರಿನ ದಾರಿ ಹಿಡಿಯುತ್ತಾರೆ, ಕೊಡದಿದ್ದರೆ ನನ್ನ ಪದವಿ ಹೋಗುತ್ತದೆ. ಅಮ್ಮಿ ರೊಟ್ಟಿ ಮುಂದಿಟ್ಟು, "ಕ್ಯಾ ಹುವಾ ಬೇಟಾ?" ಎಂದು ನಾಲ್ಕು ಸಲ ಕೇಳಿದರೂ ತಟ್ಟೆ ಸರಿಸಿ ಎದ್ದೆ. ಕೊಟ್ಟುಬಿಡೋಣ ಎಂದು ನಿಜವಾಗಿಯೂ ಅನ್ನಿಸಿತ್ತು. ಇದನ್ನು ಮುಚ್ಚಿಟ್ಟು ಈ ಬರಹ ಬರೆದು ಪ್ರಯೋಜನವಿಲ್ಲ.

ಮರುದಿನ ಬೆಳಿಗ್ಗೆ ಫಾರ್ಮುಗಳನ್ನು ತೆಗೆಯಲು ಟ್ರಂಕು ಬಿಚ್ಚಿದೆ. ಮೇಲೆ ಹೊಸ ಕಟ್ಟು, ಕೆಳಗೆ ಹಳೆಯ ಕಟ್ಟು, ಮೀಟಿಂಗಿನ ದಿನ ಸಿಸ್ಟರ್ ಹೇಳಿ ಬರೆಸಿದ್ದು. ಸಿಟ್ಟಿನಲ್ಲಿ ಹರಿದು ಹಾಕಬೇಕೆಂದವಳು ಯಾಕೋ ಇಟ್ಟುಕೊಂಡಿದ್ದೆ. ಎಲ್ಲದರಲ್ಲೂ ನಾಕು, ಹತ್ತನೇದಕ್ಕೆ ಮಾತ್ರ ಐದು. ಬೇವಿನ ಗಿಡದ ಕೆಳಗೆ ಅವರು ಹೇಳಿದ ಮಾತು ನನಗೆ ಆಗ ತಲೆಗೆ ಹೋಯಿತು. ಹಳೆಯ ಕಟ್ಟನ್ನೇ ಝೆರಾಕ್ಸ್ ಮಾಡಿಸಿ ಒಯ್ದು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಹಾಳೆ ತಿರುವಿದರು. ಇನ್ನೊಂದು ತಿರುವಿದರು.

"ಎಲ್ಲರೂ ಒಂದೇ ಥರ ಇದ್ದಾರಲ್ಲಮ್ಮ."

"ಹೌದು ಸರ್. ಎಲ್ಲರೂ ಒಂದೇ ಥರ."

"ಒಳ್ಳೇದೇ ಆಯಿತು" ಎಂದು ಸಹಿ ಮಾಡಿದರು.

ಪ್ರಬಂಧದಲ್ಲಿ ಹೊಸ ಕಟ್ಟಿನ ಲೆಕ್ಕವೇ ಹೋಯಿತು, ನಂಬರುಗಳಿಲ್ಲದೆ. ಸಾಹೇಬರು ಅದನ್ನು ತರಿಸಿ ಓದಿಯಾರು ಎಂದು ಅವರ ವರ್ಗಾವಣೆಯಾಗುವವರೆಗೆ ಹೆದರಿದೆ. ವಿಷಯ ತಿಳಿದು ಸಿಸ್ಟರ್ ಫೋನ್ ಹಚ್ಚಿದರು. "ಆ ಒಂದು ಐದು ಹಾಕ್ಸಿದ್ದು ಚಲೋ ಆತು ನೋಡು" ಅಂದರು. ಅಷ್ಟೇ. ಆದರೆ ಮುಂದಿನ ವಾರ ಸಿಂಧನೂರಿಗೆ ಬಂದಾಗ ನಮ್ಮ ಕಾಲೇಜಿಗೆ ಬಂದು, ನನ್ನ ಎರಡೂ ಕೈ ಹಿಡಿದು, ಬಸ್ಸಿಗೆ ಹೋದರು.

ಈಗ ನಾನು ಸಿಂಧನೂರಿನಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಸಿಸ್ಟರ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದವಳು ನನ್ನದೇ ವಿದ್ಯಾರ್ಥಿನಿ, ಇಪ್ಪತ್ತಮೂರರ ಹುಡುಗಿ. ಆ ಸಂಜೆ ಐದು ಹೊಡೆಯಲು ಕಾದು ಫೋನ್ ಹಚ್ಚಿದೆ. ಹಳೆಯ ಫಾರ್ಮು ಮುಂದೆ ಇಟ್ಟುಕೊಂಡಿದ್ದೆ. ಅವರು ಮೊದಲ ರಿಂಗಿಗೇ ಎತ್ತಿದರು.

"ಗೊತ್ತಿತ್ತು, ನೀ ಬಿಡಂಗಿಲ್ಲ ಅಂತ. ಚಾರ್ಜ್ ಕೊಟ್ಟೆ. ಊರವರು ಸತ್ಕಾರ ಮಾಡಿ ಮೈಕ್ ಕೊಟ್ರು, ನಿಂತು ನಿಂತು ಕುಂತೆ. ನಗಬ್ಯಾಡ."

"ನಲವತ್ತನೇದು, ಸಿಸ್ಟರ್."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. "ಪೆನ್ನಿಲೆ ಬರಿ. ಒಂದು."

ನಾನು ಬರೆಯಲಿಲ್ಲ. ಇಷ್ಟು ವರ್ಷ ನನ್ನ ಹುಡುಗಿಯರ ಮುಂದೆ ಹೆಸರು ಹೇಳದೆ ಇವರ ಉದಾಹರಣೆಯನ್ನೇ ಕೊಟ್ಟಿದ್ದೆ.

"ಬರದ್ಯಾ? ಒಂದು. ಇಪ್ಪತ್ತೆರಡು ವರ್ಷ ಈ ಊರಾಗ ಒಬ್ಬಾಕಿನ್ನೂ ಕಳಕೊಂಡಿಲ್ಲ ತಂಗಿ. ಎಲ್ಲಾರೂ ಇವತ್ತ ಅದನ್ನ ಹೇಳಿದ್ರು. ಆದರ ಇಪ್ಪತ್ತೆರಡು ವರ್ಷ ನಾ ಒಂದು ತುತ್ತು ಸಮಾಧಾನದಿಂದ ಉಂಡಿಲ್ಲ. ಇನ್ನೊಂದು ಸಲ ಇಷ್ಟು ಅಂಜಾಕ ನನ್ನಿಂದ ಆಗಂಗಿಲ್ಲ."

ಬರೆದೆ. ಕಣ್ಣಲ್ಲಿ ನೀರು ತುಂಬಿ ಚೌಕ ಸರಿಯಾಗಿ ಕಾಣಿಸಲಿಲ್ಲ, ಅಂಕಿ ಗೆರೆಯ ಹೊರಗೆ ಹೋಯಿತು. ಫೋನ್ ಇಟ್ಟು ಹತ್ತು ನಿಮಿಷವಾಗಿರಲಿಲ್ಲ, ಅವರೇ ತಿರುಗಿ ಹಚ್ಚಿದರು. ದನಿ ಸಣ್ಣದಾಗಿತ್ತು, ಯಾರಿಗೂ ಕೇಳಿಸಬಾರದೆಂಬಂತೆ.

"ತಂಗಿ, ಅದನ್ನ ಯಾರಿಗೂ ಹೇಳಬ್ಯಾಡ. ಹೊಸಾಕಿ ಬಂದಾಳ, ಭಾಳ ಸಣ್ಣಾಕಿ. ಕೀಲಿ ಇಸ್ಕೊಳ್ಳುವಾಗ ಆಕಿ ಕೈ ನಡುಗಾಕತ್ತಿತ್ತು. ಒಂದು ವರ್ಷ ದಾಟಲಿ, ಆಮ್ಯಾಲೆ ಊರಿಗೆಲ್ಲಾ ಹೇಳು ಬೇಕಾದ್ರ. ನಡುವ ಆಕಿ ಏನರ ಕೇಳಿದ್ರ..."

"ಏನು ಹೇಳ್ಲಿ ಸಿಸ್ಟರ್?"

"ನಾಕು ಅಂತ ಹೇಳು."

ಮರುವಾರವೇ ಹುಡುಗಿ ಫೋನ್ ಮಾಡಿದಳು. ಎರಡು ಹೆರಿಗೆ ಆದವಂತೆ. ಹೇಗಿದ್ದೀ ಅಂದರೆ ಚೆನ್ನಾಗಿದ್ದೇನೆ ಅಂದಳು. ಆಮೇಲೆ ಕೇಳಿದಳು, "ಮೇಡಂ, ಸಿಸ್ಟರ್ ನಿಮಗ ಯಾವುದೋ ಫಾರ್ಮ್ ತುಂಬಿ ಕೊಟ್ಟಾರಂತಲ್ರೀ. ಮತ್ತ ಇದ ನೌಕರಿ ಮಾಡ್ತೀರೇನು ಅನ್ನೂದಕ್ಕ ಎಷ್ಟು ಹಾಕ್ಯಾರ್ರೀ?" ಫಾರ್ಮು ಇನ್ನೂ ನನ್ನ ಮೇಜಿನ ಮೇಲೇ ಇತ್ತು, ಗೆರೆ ದಾಟಿ ನಿಂತ ಆ ಒಂದು ನನ್ನ ಕಣ್ಣ ಮುಂದೆಯೇ ಇತ್ತು.

"ನಾಕು" ಅಂದೆ.